ಕುಡುಕನ ತಿರುವು

ಈ ಊರಲ್ಲಿ ನನಗೆ ನಪಾಸಮ್ಮ ಅಂತಾರೆ. ಎದುರಿಗೆ ಮೇಡಂ, ಬೆನ್ನು ತಿರುಗಿಸಿದರೆ ನಪಾಸಮ್ಮ. ನನಗೇನೂ ಬೇಜಾರಿಲ್ಲ. ಲೈಸೆನ್ಸ್ ಕಚೇರಿಯಲ್ಲಿ ಕೂತು ಬಂದವರನ್ನೆಲ್ಲ ಪಾಸು ಮಾಡಿದರೆ ಆಸ್ಪತ್ರೆಯವರು ಬೈತಾರೆ, ಮಾಡದಿದ್ದರೆ ಬಂದವರು ಬೈತಾರೆ. ಬೈಗುಳ ಹೇಗೂ ತಪ್ಪಿದ್ದಲ್ಲ. ಬೈಯೋರು ಬದುಕಿದ್ದು ಬೈಯಲಿ ಅಂತ ನಾನು.

ಬುಧವಾರ ನಮ್ಮಲ್ಲಿ ಮುದುಕರ ವಾರ. ಎಪ್ಪತ್ತು ದಾಟಿದವರು ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಮತ್ತೆ ಗಾಡಿ ಓಡಿಸಿ ತೋರಿಸಬೇಕು. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹಾಲ್ ತುಂಬ ಕೋಟು, ಮಫ್ಲರು, ಊರುಗೋಲು, ಕೆಮ್ಮು, ನೋವಿನ ಮುಲಾಮಿನ ವಾಸನೆ. ಕನ್ನಡಕ ಮರೆತು ಬಂದವರು ಪಕ್ಕದವರದ್ದನ್ನ ಮೂಗಿಗೇರಿಸಿಕೊಂಡು ಗೋಡೆ ಮೇಲಿನ ಅಕ್ಷರ ಓದೋಕೆ ನೋಡ್ತಾರೆ. ಒಬ್ಬ ತಾತ ಅಂತೂ ಸಾಲನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು, ಗೋಡೆಗೆ ಬೆನ್ನು ಹಾಕಿ ನಿಂತು ಒಪ್ಪಿಸಿಬಿಟ್ಟ!

ಅವರು ನಿಜವಾಗಿ ಹೆದರೋದು ಒಂದಕ್ಕೇ, ಬೆದರು ಪರೀಕ್ಷೆಗೆ. ನಮ್ಮ ಕಣಿವೆ ಬಿಟ್ಟರೆ ಇದು ದೇಶದಲ್ಲಿ ಬೇರೆಲ್ಲೂ ಇಲ್ಲ. ಗಾಡಿ ಸರಾಗವಾಗಿ ಹೋಗ್ತಿರುತ್ತೆ, ಪಕ್ಕದ ಸೀಟಿನಲ್ಲಿ ಕೂತ ನಾನು ಮನೆ, ಮೊಮ್ಮಕ್ಕಳು, ಮೊಣಕಾಲು ನೋವು ಅಂತ ಏನೋ ಮಾತಾಡಿಸ್ತಿರ್ತೀನಿ, ಇದ್ದಕ್ಕಿದ್ದಂತೆ "ಎದುರಿಗೆ!" ಅಂತ ಕಿರುಚ್ತೀನಿ. ಆ ಕ್ಷಣ ಕೈ ಯಾವ ಕಡೆ ಎಳೆಯುತ್ತೆ ಅನ್ನೋದೇ ಪರೀಕ್ಷೆ. ಬಲಕ್ಕೆ ಎಳೆದರೆ ಪಾಸು, ಎಡಕ್ಕೆ ಎಳೆದರೆ ನಪಾಸು. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ, ಅದಕ್ಕೇ ಇನ್ನೂ ಬದುಕಿದ್ದೀನಿ.

ಯಾಕೆ ಈ ಕಾಟ ಅಂದರೆ, ನಾವು ಮೊದಲು ಎಡಕ್ಕೆ ಓಡಿಸ್ತಿದ್ದವರು. ನಮ್ಮ ಹೊಳೆ ಇಳಿದು ಹೋಗೋದು ಕೆಳಗಿನ ದೇಶಕ್ಕೆ. ಉಪ್ಪು, ಸೀಮೆಎಣ್ಣೆ, ಶಾಲೆ ಪುಸ್ತಕ, ಹೆಣ್ಣು ಕೊಡೋದು, ಹೆಣ್ಣು ತರೋದು ಎಲ್ಲ ಆ ಕಡೆಗೇ. ಹಳೇ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ, "ನೀವು ಯಾರ ಜೊತೆ ಸೇರ್ತೀರಿ" ಅಂತ ನಮ್ಮನ್ನ ಕೇಳಿದರು. ಇದರಲ್ಲಿ ಕೇಳೋದೇನಿದೆ ಅಂತ ಕೆಳಗಿನವರು ನಮ್ಮನ್ನೂ ಸೇರಿಸಿ ನಕ್ಷೆ ಅಚ್ಚು ಹಾಕಿಸಿಯೇ ಬಿಟ್ಟಿದ್ದರು. ಮತ ಎಣಿಸಿದರೆ ಕೂದಲೆಳೆಯಷ್ಟರಲ್ಲಿ ಗೆದ್ದವರು ಮೇಲಿನವರು, ಘಟ್ಟದ ಆಚೆಯ ದೇಶದವರು. ಆಸ್ಪತ್ರೆ ಕಟ್ಟಿಸ್ತೀವಿ, ಮನೆಮನೆಗೆ ಕರೆಂಟು ಕೊಡ್ತೀವಿ ಅಂದಿದ್ದರು. ಕೊಟ್ಟರು, ಸುಳ್ಳು ಯಾಕೆ ಹೇಳಲಿ. ಜೊತೆಗೆ ಅವರ ರಸ್ತೆಯ ನಿಯಮವನ್ನೂ ಕೊಟ್ಟರು. ಸೇರ್ಪಡೆಯ ದಿನ ಬೆಳಿಗ್ಗೆ ಆರು ಗಂಟೆಯಿಂದ ಗಾಡಿಗಳೆಲ್ಲ ಎಡ ಬಿಟ್ಟು ಬಲಕ್ಕೆ ಬರಬೇಕು ಅಂತ ಹುಕುಂ ಆಯ್ತು.

ಹುಕುಂ ತಲೆಗೆ ತಿಳಿಯುತ್ತೆ, ಕೈಗೆ ತಿಳಿಯಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ನಲವತ್ತು ವರ್ಷ ಬಲಕ್ಕೆ ಓಡಿಸಿದ ಮುದುಕನೂ ಒಂದು ಸಲ ಬೆಚ್ಚಿಬಿದ್ದರೆ ಎಡಕ್ಕೇ ಎಳೀತಾನೆ. ಹಾಗೆ ಎಳೆದು ಎಷ್ಟೋ ಜನ ಸತ್ತ ಮೇಲೆ ಈ ಪರೀಕ್ಷೆ ಬಂತು.

ಹಾಗೆ ಸತ್ತವರಲ್ಲಿ ಮೊದಲನೆಯವನು ನನ್ನ ಅಣ್ಣ.

ಅಣ್ಣ ಹಾಲಿನ ಲಾರಿ ಓಡಿಸ್ತಿದ್ದ. ಘಟ್ಟದ ಮೇಲಿನ ಕೊಟ್ಟಿಗೆಗಳಿಂದ ಹಾಲು ತುಂಬಿಕೊಂಡು ಬೆಳಕು ಹರಿಯೋ ಮುಂಚೆ ಇಳಿದು ಬರೋನು. ಸೇರ್ಪಡೆಯ ದಿನ ಘಟ್ಟದ ದೊಡ್ಡ ತಿರುವಿನಲ್ಲಿ ಲಾರಿ ಕಣಿವೆಗೆ ಬಿತ್ತು. "ಕುಡಿದಿದ್ದ, ತಪ್ಪು ಬದಿಯಲ್ಲಿ ಬಂದ, ನನ್ನ ಜೀಪಿಗೇ ಗುದ್ದುತ್ತಿದ್ದ, ಪುಣ್ಯಕ್ಕೆ ಉಳಿದೆ" ಅಂತ ಹೇಳಿದವನು ನನ್ನ ಭಾವ, ಅಕ್ಕನ ಗಂಡ. ಆಗ ರಸ್ತೆ ಇಲಾಖೆಯಲ್ಲಿ ಸಣ್ಣ ಅಧಿಕಾರಿ. ಅವತ್ತು ಘಟ್ಟ ಹತ್ತಿ ಹೊಸ ದೇಶದ ಸಾಹೇಬರನ್ನ ಸ್ವಾಗತ ಮಾಡಿದ ಮೊದಲ ಗಾಡಿ ಅವನದ್ದು. ಫೋಟೋ ತೆಗೆದರು, ಅದು ಶಾಲೆ ಪುಸ್ತಕದಲ್ಲೂ ಬಂತು. ಅಲ್ಲಿಂದ ಅವನು ಮೊದಲಗಾಡಿ ಸಾಹೇಬರು ಆದ. ನನ್ನ ಅಣ್ಣ ಕುಡುಕ ಆದ. ಆ ಜಾಗಕ್ಕೆ ಕುಡುಕನ ತಿರುವು ಅಂತ ಹೆಸರು ಬಿತ್ತು, ಬೋರ್ಡೂ ಬಂತು. ಹೊಸಬರನ್ನ ಪರೀಕ್ಷೆ ಮಾಡುವಾಗ "ಕುಡುಕನ ತಿರುವು ಬಂತು, ಗೇರ್ ಇಳಿಸಿ" ಅಂತ ನನ್ನ ಬಾಯಿಂದಲೇ ಎಷ್ಟು ಸಲ ಬಂದಿದೆಯೋ. ಪ್ರತಿ ಸಲವೂ ನಾಲಗೆ ಸುಟ್ಟ ಹಾಗಾಗುತ್ತೆ.

ಅಣ್ಣ ಜನ್ಮದಲ್ಲಿ ಹನಿ ಮುಟ್ಟಿದವನಲ್ಲ. ಕೆಮ್ಮಿನ ಔಷಧಿ ಕುಡಿದರೂ ಮುಖ ಹಿಂಡೋನು.

ನಡೆದದ್ದು ಏನು ಅಂತ ನನಗೆ ಮೊದಲ ದಿನದಿಂದ ಗೊತ್ತು. ಅಕ್ಕ ಬಾಣಂತಿ, ನಮಗೆ ಅಮ್ಮ ಇರಲಿಲ್ಲ, ಹದಿನಾರರ ನಾನೇ ಅವಳ ಮನೆಯಲ್ಲಿದ್ದು ಮಗು ನೋಡಿಕೊಳ್ತಿದ್ದೆ. ಅವತ್ತು ಭಾವ ಹೊರಟಾಗ ಹೊರಗೆ ಗವ್ವೆನ್ನೋ ಕತ್ತಲೆ. "ಎಲ್ಲರಿಗಿಂತ ಮುಂಚೆ ನಾನು ಅಲ್ಲಿರಬೇಕು" ಅಂತ ಕುಣೀತಿದ್ದ. ಸಾಹೇಬರಿಗೆ ಅಂತ ತಂದಿಟ್ಟಿದ್ದ ಬ್ರಾಂದಿ ಬಾಟಲಿ ಜೀಪಿನ ಕುಲುಕಾಟಕ್ಕೆ ಒಡೆದೀತು ಅಂತ ನಾನೇ ಟವೆಲ್ ಸುತ್ತಿ ಚೀಲದಲ್ಲಿಟ್ಟೆ. ಗಡಿಯಾರದಲ್ಲಿ ಐದೂ ಆಗಿರಲಿಲ್ಲ. ಅಕ್ಕನ ಮನೆಯಿಂದ ಆ ತಿರುವಿಗೆ ಅರ್ಧ ಗಂಟೆಯ ದಾರಿ. ಅಂದರೆ ಆರು ಗಂಟೆ ಆಗೋಕೆ ಮುಂಚೆ, ಹಳೇ ನಿಯಮ ಇರುವಾಗಲೇ, ಈ ಮಹಾನುಭಾವ ಹೊಸ ದೇಶದ ಉತ್ಸಾಹದಲ್ಲಿ ಬಲಕ್ಕೆ ಓಡಿಸಿಕೊಂಡು ಹತ್ತಿದ್ದಾನೆ. ಅಣ್ಣ ತನ್ನ ಪಾಡಿಗೆ ಎಡಕ್ಕೆ ಇಳೀತಿದ್ದ. ಹತ್ತೋನ ಬಲ, ಇಳಿಯೋನ ಎಡ, ಎರಡೂ ಒಂದೇ ಬದಿ, ಕಣಿವೆಯ ಬದಿ. ಮಂಜಿನಲ್ಲಿ ಎದುರಿಗೆ ಜೀಪ್ ಕಂಡಿತು, ಅಣ್ಣನ ಕೈ ಎಡಕ್ಕೆ ಎಳೆಯಿತು. ಎಡಕ್ಕೆ ರಸ್ತೆ ಇರಲಿಲ್ಲ.

ಸಂಜೆ ಮನೆಗೆ ತಂದ ಅಣ್ಣನ ಹೆಣದ ಮೇಲಿನ ಅಂಗಿ ಬ್ರಾಂದಿಯಲ್ಲಿ ನೆನೆದು ನಾರುತ್ತಿತ್ತು. ಭಾವನ ಚೀಲದಲ್ಲಿ ಟವೆಲ್ ಇತ್ತು, ಬಾಟಲಿ ಇರಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತು ಅನ್ನೋ ಗಾದೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತು. ನಾನು ಸುಮ್ಮನಿರಲಿಲ್ಲ. ನಡುಮನೆಯಲ್ಲಿ ನಿಂತು ಎಲ್ಲರೆದುರು ಕೂಗಿ ಹೇಳಿದೆ. ಅಪ್ಪ ಎದ್ದು ಬಂದು ಕೆನ್ನೆಗೆ ಬಾರಿಸಿದ. "ಹೋದವನು ಹೋದ, ಇರೋಳ ಸಂಸಾರಕ್ಕೂ ಬೆಂಕಿ ಹಚ್ಚಬೇಕಾ ನಿನಗೆ?" ಅಂದ. ಅಕ್ಕ ಮಗುವನ್ನ ನನ್ನ ಮಡಿಲಲ್ಲಿ ಹಾಕಿ, "ಇವಳ ಮುಖ ನೋಡಿಯಾದರೂ ಬಾಯಿ ಮುಚ್ಚು ಕಣೇ" ಅಂತ ಅತ್ತಳು. ಮುಚ್ಚಿದೆ. ಅಕ್ಕ ಇರೋ ತನಕ ಅಂತ ನನಗೆ ನಾನೇ ಗಡಿ ಹಾಕಿಕೊಂಡೆ. ಭಾವ ಬಂದಾಗ ಕಾಫಿ ಕೊಟ್ಟೆ, ಅವನ ಸನ್ಮಾನಗಳಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ, ಹಲ್ಲು ಕಚ್ಚಿಕೊಂಡು ಚಪ್ಪಾಳೆಯನ್ನೂ ತಟ್ಟಿದೆ.

ಅಕ್ಕ ಹೋದ ವರ್ಷ ತೀರಿಕೊಂಡಳು.

ಈ ವರ್ಷ ಘಟ್ಟದ ಹೊಟ್ಟೆ ಕೊರೆದು ಸುರಂಗ ಮಾಡಿದ್ದು ಮುಗಿಯಿತು. ಸುರಂಗಕ್ಕೆ ಭಾವನ ಹೆಸರು. ಉದ್ಘಾಟನೆಯ ದಿನ ಹಳೇ ಜೀಪನ್ನ ತಾನೇ ಓಡಿಸಿಕೊಂಡು ಮೊದಲು ಒಳಗೆ ಹೋಗ್ತೀನಿ ಅಂತ ಅವನು ಪತ್ರಿಕೆಯವರಿಗೆಲ್ಲ ಹೇಳಿಕೊಂಡಿದ್ದ. ಸುರಂಗ ತೆರೆದರೆ ಹಳೇ ರಸ್ತೆ ಬರೀ ನಮ್ಮ ಪರೀಕ್ಷೆಯ ಗಾಡಿಗಳಿಗೆ. ಆಮೇಲೆ ನನ್ನ ಅಣ್ಣನ ಬಗ್ಗೆ ಉಳಿಯೋದು ಕುಡುಕ ಅನ್ನೋ ಆ ಒಂದು ಮಾತು, ಅಷ್ಟೇ. ಅದನ್ನ ಅಳಿಸಬೇಕಾದವನ ಬಾಯಿ ಇನ್ನೂ ಆಡ್ತಿರುವಾಗಲೇ ಅಳಿಸಬೇಕು ಅಂತ ನಾನು ಕಾದೆ. ಭಾವನಿಗೆ ಎಪ್ಪತ್ತೆರಡು. ಲೈಸೆನ್ಸ್ ಮುಗಿದಿತ್ತು.

ಮೊದಲು ಮೇಲಿಂದ ಫೋನ್ ಬಂತು. "ಅವರಿಗೂ ಪರೀಕ್ಷೆ ಬೇಕಾ ಮೇಡಂ?"

"ಬೇಕು."

"ನಿಮ್ಮ ಸಂಬಂಧಿಕರಂತೆ. ಸಂಬಂಧಿಕರನ್ನ ನೀವು ಪರೀಕ್ಷೆ ಮಾಡಬಹುದಾ?"

"ಸಂಬಂಧಿಕರನ್ನ ಮಾಡಬಾರದು ಅಂದರೆ ಈ ಕಣಿವೆಯಲ್ಲಿ ಒಬ್ಬರಿಗೂ ಲೈಸೆನ್ಸ್ ಸಿಗಲ್ಲ ಸಾರ್. ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು."

ಆ ಬುಧವಾರ ಭಾವ ಬಂದ. ಇಸ್ತ್ರಿ ಮಾಡಿದ ಕೋಟು, ಎದೆ ಮೇಲೆ ಪದಕ. ಹಾಲ್‌ನಲ್ಲಿದ್ದ ಮುದುಕರೆಲ್ಲ ಎದ್ದು ನಿಂತರು. ಅವರಲ್ಲಿ ಶಾಲೆಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರಿದ್ದರು, ಆಸ್ಪತ್ರೆಯ ಹಳೇ ಕಾಂಪೌಂಡರ್ ಇದ್ದ, ಬಸ್ ನಿಲ್ದಾಣದ ಎದುರು ಹೋಟೆಲ್ ಇಟ್ಟಿದ್ದ ಅಜ್ಜಿ ಇದ್ದಳು. ಜೊತೆಗೆ ಬಂದವಳು ಅಕ್ಕನ ಮಗಳು. ನಾನು ಎತ್ತಿ ಆಡಿಸಿದ ಆ ಮಗು ಈಗ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು. ಮನೆಯವರೊಬ್ಬರು ಹಿಂದಿನ ಸೀಟಿನಲ್ಲಿ ಕೂರಬಹುದು ಅಂತ ನಮ್ಮಲ್ಲಿ ಪದ್ಧತಿ ಇದೆ. ಕೂತಳು.

"ಏನಮ್ಮ ನಾದಿನಿ, ಕೊನೆಗೂ ನನ್ನ ಜುಟ್ಟು ನಿನ್ನ ಕೈಗೆ ಸಿಕ್ಕಿತಲ್ಲ" ಅಂತ ಭಾವ ನಕ್ಕ.

"ಇರೋ ನಾಲ್ಕು ಕೂದಲಲ್ಲಿ ಜುಟ್ಟು ಎಲ್ಲಿಂದ ಬರಬೇಕು ಭಾವ. ಬೆಲ್ಟ್ ಹಾಕ್ಕೊಳ್ಳಿ" ಅಂದೆ. ಹಿಂದೆ ಮಗಳು ಕಿಸಕ್ ಅಂದಳು.

ಓಡಿಸೋದರಲ್ಲಿ ಹೆಸರಿಡೋ ಹಾಗಿರಲಿಲ್ಲ. ಪೇಟೆ ಬೀದಿಯಲ್ಲಿ ತರಕಾರಿ ಗಾಡಿಗೆ ದಾರಿ ಬಿಟ್ಟ, ಆಸ್ಪತ್ರೆ ಗೇಟಿನ ಹತ್ತಿರ ಹಾರನ್ ಮಾಡಲಿಲ್ಲ, ಟೈರ್ ಅಂಗಡಿ ದಾಟಿ ಘಟ್ಟದ ರಸ್ತೆಗೆ ಬಿದ್ದಾಗ ಗೇರ್ ಸರಿಯಾಗಿ ಇಳಿಸಿದ. ಹತ್ತುತ್ತಾ ಹತ್ತುತ್ತಾ ಅವನ ಹಳೇ ಪುರಾಣ ಶುರುವಾಯ್ತು.

"ಇದೇ ರಸ್ತೆ ನೋಡು ಮಗಳೇ. ಆಗ ಡಾಂಬರಿಲ್ಲ ಏನಿಲ್ಲ. ಮಂಜು ಅಂದರೆ ಮಂಜು. ಕೆಳಗಿನವರ ಕಡೆ ಹೋಗಿದ್ದರೆ ಇವತ್ತು ನಿನಗೆ ಆಸ್ಪತ್ರೆಯೂ ಇರ್ತಿರಲಿಲ್ಲ, ಕೆಲಸವೂ ಇರ್ತಿರಲಿಲ್ಲ."

ಕೆಳಗಿನವರ ಕಡೆ ಹೋಗಿದ್ದರೆ ಇವತ್ತೂ ಎಡಕ್ಕೇ ಓಡಿಸ್ತಿದ್ದೆವು, ನನ್ನ ಅಣ್ಣನಿಗೆ ಅರವತ್ತೈದು ತುಂಬಿರುತ್ತಿತ್ತು ಅಂತ ನನಗನ್ನಿಸಿತು.

"ಆ ತಿರುವು ಬಂತು ನೋಡು. ಇಲ್ಲೇ ಆ ಕುಡುಕ..." ಅಂದವನು ನನ್ನ ಕಡೆ ಓರೆಗಣ್ಣಲ್ಲಿ ನೋಡಿ, "ಅಂದರೆ ನಿನ್ನ ಸೋದರಮಾವ, ಪಾಪ" ಅಂದ.

ಆ 'ಪಾಪ' ಕೇಳಿ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಕೊಂದವನು, ಹೆಸರು ಕೆಡಿಸಿದವನು, ಕೊನೆಗೆ ಕನಿಕರವನ್ನೂ ತಾನೇ ದಾನ ಮಾಡ್ತಾನೆ!

"ಎದುರಿಗೆ! ಹಾಲಿನ ಲಾರಿ!"

ಕಿರುಚಿದ್ದು ನಾನೇ ಆದರೂ ಆ ದನಿಗೆ ನನ್ನ ಮೈಯೇ ಜುಂ ಅಂದಿತು. ಭಾವನ ಎರಡು ಕೈಯೂ ಎಡಕ್ಕೆ ಎಳೆದವು. ಗಾಡಿ ರಸ್ತೆಗೆ ಅಡ್ಡ ತಿರುಗಿ ಗುಡ್ಡದ ಮಣ್ಣಿನತ್ತ ನುಗ್ಗಿತು. ನಾನು ಬ್ರೇಕ್ ತುಳಿದೆ. ನಿಂತಿತು. ಕೈ ಚಾಚಿ ಕೀಲಿ ತಿರುಗಿಸಿ ತೆಗೆದುಕೊಂಡೆ.

"ನಪಾಸು ಭಾವ."

ಅವನ ಹಣೆಯಿಂದ ಬೆವರು ಇಳೀತಿತ್ತು. "ಹೇಗೆ ಕಿರುಚ್ತೀಯೇ ರಾಕ್ಷಸಿ! ಎದೆ ಒಡೆದು ಸಾಯ್ತಿದ್ದೆ."

"ಇನ್ನೊಂದು ಸಲ ಅವಕಾಶ ಕೊಡೋ ಅಧಿಕಾರ ನನಗಿದೆ."

ಅವನಿಗೆ ತಕ್ಷಣ ಜೀವ ಬಂತು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತವನು, ವ್ಯವಹಾರದ ವಾಸನೆ ಬೇಗ ಹತ್ತುತ್ತೆ. "ಏನು ಬೇಕು ನಿನಗೆ?"

"ಅವತ್ತು ಮನೆ ಬಿಟ್ಟಾಗ ಎಷ್ಟು ಗಂಟೆ?"

"ಅಯ್ಯೋ, ಅದಾ?" ಅಂತ ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡ. "ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಾ? ನಿಮ್ಮಕ್ಕನೇ ಹೋದಳು. ಇನ್ನು ಮುಚ್ಚಿಟ್ಟು ಯಾರಿಗೆ ಏನಾಗಬೇಕು. ಬೇಗ ಹೊರಟಿದ್ದೆ. ಇನ್ನೇನು ಆರು ಆಗುತ್ತಲ್ಲ ಅಂತ ಬಲಕ್ಕೇ ಹೋದೆ."

"ಅಣ್ಣ ಸರಿಯಾದ ಬದಿಯಲ್ಲಿದ್ದನಾ?"

"ಇದ್ದ."

"ಕುಡಿದಿದ್ದನಾ?"

"ಇಲ್ಲ."

"ಬಾಟಲಿ?"

ಅವನು ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಆಗ ಮಾತ್ರ ಸ್ವಲ್ಪ ತಡವರಿಸಿದ. "ಕೆಳಗೆ ಇಳಿದು ಹೋದೆ. ಏನು ಮಾಡಲಿ? ಮೊದಲ ದಿನ, ಮೊದಲ ಗಾಡಿ, ಮೊದಲ ಹೆಣ. ಕೆಳಗಿನವರು ಇದನ್ನೇ ಹಿಡಿದು ಮತ ಮತ್ತೆ ಹಾಕಿಸಿ ಅಂತಿದ್ದರು. ಹೊಳೀಲಿಲ್ಲ ನನಗೆ ಬೇರೇನೂ. ಅವನ ಮೇಲೆ ಸುರಿದೆ."

ಹಿಂದಿನ ಸೀಟಿನಿಂದ ಮಗಳು ಮೊದಲ ಸಲ ಬಾಯಿ ತೆರೆದಳು. ಆಸ್ಪತ್ರೆಯಲ್ಲಿ ರೋಗಿಗಳನ್ನ ಕೇಳೋ ದನಿಯಲ್ಲಿ ಕೇಳಿದಳು. "ಅಪ್ಪ, ನೀವು ಸುರಿಯುವಾಗ ಮಾವನಿಗೆ ಉಸಿರಿತ್ತಾ?"

ಭಾವ ಸ್ಟೀರಿಂಗ್ ಮೇಲಿನ ಧೂಳನ್ನ ಹೆಬ್ಬೆರಳಿನಿಂದ ಒರೆಸ್ತಾ ಕೂತ.

ಆ ಪ್ರಶ್ನೆ ನಲವತ್ತು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ. ಮಗಳು ಬಾಗಿಲು ತೆಗೆದು ಇಳಿದಳು. "ಕೂತ್ಕೋ ಪುಟ್ಟಿ, ನಾನು ಕರ್ಕೊಂಡು ಹೋಗ್ತೀನಿ" ಅಂದೆ. "ನಿನಗೂ ಗೊತ್ತಿತ್ತಲ್ಲ ಚಿಕ್ಕಮ್ಮ" ಅಂದಳು. ಅಷ್ಟೇ. ಇಳಿಜಾರಿನಲ್ಲಿ ಒಬ್ಬಳೇ ನಡೆದುಕೊಂಡು ಹೋದಳು.

ಅವಳನ್ನ ತಡೆಯೋಕೂ ಆಗಲಿಲ್ಲ, ಇವನನ್ನ ಬಿಡೋಕೂ ಆಗಲಿಲ್ಲ. "ಇದೇ ಮಾತನ್ನ ಹಾಲ್‌ನಲ್ಲಿ ಎಲ್ಲರೆದುರು ಹೇಳಬೇಕು" ಅಂದೆ. ಅತ್ತು ಕಾಲು ಹಿಡೀತಾನೆ ಅಂದುಕೊಂಡಿದ್ದೆ. ಹಿಡೀಲಿ, ಕಾಲು ಜಾಡಿಸೋಣ ಅಂತ ಆಸೆಯೂ ಇತ್ತು.

"ಹಾಲ್‌ನಲ್ಲಾ?" ಅಂದ. "ಹೇಳ್ತೀನಿ ನಡಿ. ಆಮೇಲೆ ಸಹಿ ಹಾಕ್ತೀಯಾ?"

ಅಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ ಅಂತ ದಾರಿಯುದ್ದಕ್ಕೂ ನನಗೆ ಒಳಗೊಳಗೇ ಕಸಿವಿಸಿ. ಗಾಡಿ ಈಗ ನಾನೇ ಓಡಿಸಿದೆ. ದಾರಿಯಲ್ಲಿ ಮಗಳು ನಡೀತಿದ್ದಳು. ನಿಲ್ಲಿಸಿದೆ. ಅವಳು ತಲೆ ಎತ್ತಲಿಲ್ಲ.

ಹಾಲ್‌ನ ನಡುವೆ ನಿಂತು, ಸಭೆಯಲ್ಲಿ ಭಾಷಣ ಮಾಡಿ ಅಭ್ಯಾಸ ಇದ್ದವನು, ಗಂಟಲು ಸರಿ ಮಾಡಿಕೊಂಡು ಎಲ್ಲ ಹೇಳಿದ. ಗಂಟೆ ಹೇಳಿದ, ಬದಿ ಹೇಳಿದ, ಬಾಟಲಿ ಹೇಳಿದ. "ಅವನು ಕುಡುಕ ಆಗಿರಲಿಲ್ಲ, ತಪ್ಪು ನನ್ನದು" ಅಂದ. ನಾನು ಗೋಡೆಗೆ ಒರಗಿ ಆ ಮುಖಗಳನ್ನ ನೋಡ್ತಿದ್ದೆ. ಒಬ್ಬರಾದರೂ ಎದ್ದು ಅವನ ಎದೆಯ ಪದಕ ಕಿತ್ತು ಬಿಸಾಕಲಿ, ಥೂ ಅಂತ ಉಗಿಯಲಿ. ಆ ಥೂ ಒಂದಕ್ಕಾಗಿ ನಾನು ನಲವತ್ತು ವರ್ಷ ಕಾದಿದ್ದೆ.

ಒಬ್ಬರು ಕೆಮ್ಮಿದರು. ಇನ್ನೊಬ್ಬರು ಊರುಗೋಲನ್ನ ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡರು.

"ಅದು ಗೊತ್ತಿರೋದೇ ಅಲ್ವೇನಮ್ಮಾ" ಅಂದರು ಮೇಷ್ಟ್ರು.

ನನಗೆ ಅರ್ಥ ಆಗಲಿಲ್ಲ. "ಏನು ಗೊತ್ತಿರೋದು?"

ಹೋಟೆಲ್ ಅಜ್ಜಿ ಹೇಳಿದಳು, "ಲಾರಿ ದಿನಾ ಬೆಳಕು ಹರಿಯೋ ಮುಂಚೆ ಬರ್ತಿತ್ತು ಕಣವ್ವಾ. ಅವತ್ತು ಹಾಲಿಗೆ ಕಾದೆ, ಬರಲಿಲ್ಲ. ಆರರ ಸೈರನ್ ಕೂಗಿದ್ದು ಆಮೇಲೆ. ಅಷ್ಟು ಲೆಕ್ಕ ನಮಗೆ ತಿಳಿಯಲ್ವಾ?"

ಕಾಂಪೌಂಡರ್ ತಲೆ ತಗ್ಗಿಸಿಕೊಂಡೇ ಹೇಳಿದ, "ವಾಸನೆ ಅಂಗಿ ಮೇಲಿತ್ತು. ಬಾಯಲ್ಲಿರಲಿಲ್ಲ. ಹೆಣ ತೊಳೆದವನು ನಾನೇ."

"ಮತ್ತೆ ಯಾಕೆ ಯಾರೂ ಬಾಯಿ ಬಿಡಲಿಲ್ಲ?"

ಮೇಷ್ಟ್ರು ನನಗೆ ಮಗ್ಗಿ ಹೇಳಿಕೊಡುವಾಗಿನ ತಾಳ್ಮೆಯಲ್ಲೇ ಹೇಳಿದರು. "ಸೇರ್ಪಡೆ ಕೂದಲೆಳೆಯ ಮೇಲೆ ನಿಂತಿತ್ತಮ್ಮ. ಬಲಕ್ಕೆ ಹೋದ ಮೊದಲ ಗಾಡಿಯೇ ಒಬ್ಬನನ್ನ ಕೊಂದಿತು ಅಂದಿದ್ದರೆ ಎಲ್ಲ ಮುರಿದು ಬೀಳ್ತಿತ್ತು. ಆಸ್ಪತ್ರೆ ಇಲ್ಲ, ಕರೆಂಟಿಲ್ಲ. ಒಬ್ಬನ ಹೆಸರು ಹೋದರೆ ಹೋಗಲಿ, ಊರು ಉಳೀಲಿ ಅಂತ ಎಲ್ಲರಿಗೂ ಅನ್ನಿಸ್ತು. ಬೋರ್ಡ್ ಬರೆದುಕೊಟ್ಟವನು ನಾನೇ ಅಲ್ವಾ. ಅಕ್ಷರ ದುಂಡಗಿರುತ್ತೆ ಅಂತ ನನ್ನ ಕೈಲೇ ಬರೆಸಿದರು."

ನಾನು ಒಬ್ಬನನ್ನ ದ್ವೇಷ ಮಾಡಿಕೊಂಡು ಬದುಕಿದ್ದೆ. ಒಬ್ಬನಾದರೆ ಲೆಕ್ಕಕ್ಕೆ ಸಿಗ್ತಾನೆ, ಕೈಗೂ ಸಿಗ್ತಾನೆ. ಇವರು ಅಣ್ಣ ತಂದ ಹಾಲು ಕುಡಿದವರು, ಅಣ್ಣನನ್ನ ಕಂಡರೆ "ಬಾರಯ್ಯ, ಒಂದು ಲೋಟ ಟೀ ಕುಡಿದು ಹೋಗು" ಅಂದವರು. ನಾನು ಬೀದಿಯಲ್ಲಿ ಹೋಗುವಾಗ ಕುಡುಕನ ತಂಗಿ ಅಂತ ಪಿಸುಗುಟ್ಟಿದವರೂ ಇವರೇ. ಸುಳ್ಳು ಅಂತ ಗೊತ್ತಿದ್ದೇ ಪಿಸುಗುಟ್ಟಿದ್ದರು. ಗೊತ್ತಿಲ್ಲದೆ ಅಂದಿದ್ದರೆ ಕ್ಷಮಿಸಬಹುದಿತ್ತು.

ಭಾವ ಮೆಲ್ಲಗೆ ಹತ್ತಿರ ಬಂದ. "ಹೇಳಿದೆನಲ್ಲ. ಇನ್ನು ಸಹಿ ಹಾಕು."

"ಎಡಕ್ಕೆ ಎಳೆದಿರಿ ಭಾವ. ನಪಾಸು."

"ಇನ್ನೊಂದು ಸಲ ಕೊಡ್ತೀನಿ ಅಂದೆಯಲ್ಲೇ!"

"ಅಧಿಕಾರ ಇದೆ ಅಂದೆ. ಕೊಡ್ತೀನಿ ಅನ್ನಲಿಲ್ಲ."

ಅವನು ಕೂಗಾಡಿದ. ಮಂತ್ರಿಗೆ ಹೇಳ್ತೀನಿ ಅಂದ, ನಿನ್ನ ಪಿಂಚಣಿ ನಿಲ್ಲಿಸ್ತೀನಿ ಅಂದ. ಕೂಗಲಿ. ಸುರಂಗದಲ್ಲಿ ಆಮೇಲೆ ಸರ್ಕಾರಿ ಡ್ರೈವರೊಬ್ಬ ಮೊದಲ ಗಾಡಿ ಓಡಿಸಿದ. ಹಿಂದಿನ ಸೀಟಿನಲ್ಲಿ ಕೂತು ಬನ್ನಿ ಅಂತ ಭಾವನನ್ನ ಕರೆದರಂತೆ, ಅವನು ಹೋಗಲಿಲ್ಲವಂತೆ. ಮಗಳು ಆ ಮನೆ ಬಿಟ್ಟು ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿದ್ದಾಳೆ. ನನ್ನ ಫೋನನ್ನೂ ಎತ್ತಲ್ಲ. ಅದೊಂದು ನನಗೆ ಈಗಲೂ ಉರಿಯೋ ಗಾಯ.

ಅವತ್ತಿನ ಮಾತಿಗೆ ಬರ್ತೀನಿ. ಭಾವ ಹೋದ ಮೇಲೆ ಹಾಲ್‌ನಲ್ಲಿ ಯಾರೂ ಎದ್ದಿರಲಿಲ್ಲ. ಸರದಿ ಬಿಟ್ಟರೆ ಇನ್ನೊಂದು ವಾರ ಕಾಯಬೇಕಲ್ಲ. ನಾನು ಕೀಲಿ ಕೈಗೆ ತೆಗೆದುಕೊಂಡೆ.

"ಮುಂದಿನವರು ಯಾರು?"

ಮೇಷ್ಟ್ರು ಎದ್ದರು.

ಅವರ ಹೆಂಡತಿಯನ್ನ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಮನೆಯಲ್ಲಿ ಗಾಡಿ ಓಡಿಸೋಕೆ ಇವರನ್ನ ಬಿಟ್ಟರೆ ಯಾರೂ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರು ತುಂಬ ಚೆನ್ನಾಗಿ ಓಡಿಸಿದರು. ಟೈರ್ ಅಂಗಡಿ ದಾಟಿದ ಮೇಲೆ ನಾನು ಇದ್ದಕ್ಕಿದ್ದಂತೆ ಕಿರುಚಿದಾಗ ಅವರ ಕೈ ಬಲಕ್ಕೆ ಎಳೆಯಿತು, ಅದೂ ಎಷ್ಟು ಹಗುರಾಗಿ. ಆ ವಯಸ್ಸಿನಲ್ಲಿ ಅಂಥ ಕೈ ನಾನು ನೋಡಿಯೇ ಇರಲಿಲ್ಲ.

ತಿರುವಿನಲ್ಲಿ ಗಾಡಿ ನಿಲ್ಲಿಸೋಕೆ ಹೇಳಿದೆ. "ಇಳೀರಿ ಮೇಷ್ಟ್ರೇ. ನೀವು ಬರೆದದ್ದನ್ನ ಓದಿ."

ಓದಿದರು.

"ಈಗ ಅದು ಸುಳ್ಳು ಅಂತ ಕೂಗಿ ಹೇಳಿ. ಕೆಳಗಿನ ತನಕ ಕೇಳಬೇಕು."

ಮೇಷ್ಟ್ರು ಕೈ ಮುಗಿದರು. "ಬೇಡಮ್ಮಾ. ಬೇಕಾದರೆ ನಾಳೆಯೇ ಬೋರ್ಡ್ ಬದಲಾಯಿಸಿ ಬರೆದುಕೊಡ್ತೀನಿ."

"ಅದು ಹಾಗೇ ಇರಲಿ. ನಿಮ್ಮ ಕಾಲದವರು ಒಬ್ಬರು ಉಳಿದಿರೋ ತನಕ ಅದು ಅಲ್ಲೇ ಇರಬೇಕು. ಕೂಗಿ."

ಅವರು ಕಣಿವೆಯ ಕಡೆ ತಿರುಗಿ ಕೂಗಿದರು. "ಅವನು ಕುಡುಕ ಆಗಿರಲಿಲ್ಲ! ನಮಗೆ ಗೊತ್ತಿತ್ತು!" ಎರಡನೇ ಸಲಕ್ಕೆ ದನಿ ಒಡೆಯಿತು, ಹೆಗಲು ಕುಲುಕಿ ಅತ್ತರು. ಮಫ್ಲರಿನಿಂದ ಮೂಗು ಒರೆಸಿಕೊಂಡು ಬಂದು ಗಾಡಿಯಲ್ಲಿ ಕೂತರು. ಕಚೇರಿಯ ಅಂಗಳದಲ್ಲಿ ಗೆರೆಯೊಳಗೆ ಅಚ್ಚುಕಟ್ಟಾಗಿ ನಿಲ್ಲಿಸಿ, ಕೈಬ್ರೇಕ್ ಎಳೆದು, ನನ್ನ ಮುಖ ನೋಡಿದರು.

ಅವತ್ತಿನ ತನಕ ನಾನು ಒಬ್ಬರನ್ನೂ ಅನ್ಯಾಯವಾಗಿ ನಪಾಸು ಮಾಡಿದವಳಲ್ಲ. ಬೈದುಕೊಂಡವರೂ ಅದನ್ನ ಒಪ್ಪುತ್ತಿದ್ದರು.

"ಎಡಕ್ಕೆ ಎಳೆದಿರಿ ಮೇಷ್ಟ್ರೇ" ಅಂದೆ.

"ಇಲ್ಲಮ್ಮ... ಬಲಕ್ಕೇ ಅಲ್ವಾ ಎಳೆದದ್ದು? ನೀನೇ ನೋಡಿದೆಯಲ್ಲ."

"ನೋಡಿದೆ. ನೀವು ಎಳೆದದ್ದು ಬಲಕ್ಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನಪಾಸು. ಮುಂದಿನ ಬುಧವಾರ ಬನ್ನಿ."